ಉಭಯವಾಸಿಗಳ ಚರ್ಮದಿಂದ ದೊರೆಯುವ ಸೂಕ್ಷ್ಮಾಣುನಾಶಕ ಪೆಪ್ಟೈಡ್‌ಗಳು: ತುಲನಾತ್ಮಕ ಮಾಹಿತಿ

1. ಪೀಠಿಕೆ

ರೋಗಕಾರಕ ಬ್ಯಾಕ್ಟೀರಿಯಾಗಳು ಬಳಕೆಯಲ್ಲಿರುವ ಪ್ರತಿಜೀವಕ ಔಷಧಿಗಳ ವಿರುದ್ಧ ಪ್ರತಿರೋಧ ಶಕ್ತಿಯನ್ನು ಗಳಿಸಿಕೊಳ್ಳುತ್ತಿರುವುದು ಸಾರ್ವಜನಿಕ ಆರೋಗ್ಯದ ಗಂಭೀರ ಸಮಸ್ಯೆಗಳಲ್ಲಿ ಒಂದಾಗಿರುತ್ತದೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಸೋಂಕೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಮರಣಗಳು ಸಂಭವಿಸಿರುವುದಾಗಿ ಅಂದಾಜಿಸಲಾಗಿದೆ. ಈ ಹಿನ್ನೆಲೆಯಲ್ಲಿ ಹೊಸ ಔಷಧಿಗಳ ಮೂಲಗಳನ್ನು ಹುಡುಕುವ ಕಾರ್ಯದಲ್ಲಿ ವಿಜ್ಞಾನಿಗಳ ಗಮನ ಸೆಳೆದಿರುವ ಆಕರಗಳಲ್ಲಿ ಕಪ್ಪೆಯ ಚರ್ಮವೂ ಒಂದು.

ಕಪ್ಪೆ ಮತ್ತು ನೆಲಗಪ್ಪೆಗಳ ಚರ್ಮದಿಂದ ಇದುವರೆಗೆ ಒಂದು ಸಾವಿರಕ್ಕೂ ಹೆಚ್ಚು ಸೂಕ್ಷ್ಮಾಣುನಾಶಕ ಪೆಪ್ಟೈಡ್‌ಗಳನ್ನು ಗುರುತಿಸಲಾಗಿದೆ. ಆದರೆ ಇವುಗಳಲ್ಲಿ ಯಾವುದೂ ಈವರೆಗೆ ಮಾನವ ಚಿಕಿತ್ಸೆಗೆ ಔಷಧಿಯಾಗಿ ಅನುಮೋದನೆ ಪಡೆದಿರುವುದಿಲ್ಲ. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾವನ್ನು ಕೊಲ್ಲುವ ಶಕ್ತಿಯೊಂದನ್ನೇ ನೋಡಿ ಒಂದು ಪೆಪ್ಟೈಡ್ ಉತ್ತಮ, ಮತ್ತೊಂದು ಸಾಧಾರಣ ಎಂದು ತೀರ್ಮಾನಿಸಲು ಬರುವುದಿಲ್ಲ ಎಂಬುದೇ ಇದಕ್ಕೆ ಮುಖ್ಯ ಕಾರಣ. ಪ್ರಮುಖ ಪೆಪ್ಟೈಡ್‌ಗಳ ಮೂಲ, ರಚನೆ, ಕಾರ್ಯವಿಧಾನ ಮತ್ತು ಇತಿಮಿತಿಗಳನ್ನು ಹೋಲಿಸಿ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

2. ಪೆಪ್ಟೈಡ್ ಎಂದರೇನು?

ಅಮೈನೋ ಆಮ್ಲಗಳು ಮಣಿಸರದಂತೆ ಒಂದಕ್ಕೊಂದು ಜೋಡಣೆಯಾಗಿ ಪ್ರೋಟೀನುಗಳು ಉಂಟಾಗುತ್ತವೆ. ಇಂತಹ ಸರ ಚಿಕ್ಕದಾಗಿದ್ದಲ್ಲಿ ಅದನ್ನು ಪೆಪ್ಟೈಡ್ ಎಂದು ಕರೆಯಲಾಗುತ್ತದೆ. ಕಪ್ಪೆಯ ಚರ್ಮದ ಸೂಕ್ಷ್ಮಾಣುನಾಶಕ ಪೆಪ್ಟೈಡ್‌ಗಳಲ್ಲಿ ಸಾಮಾನ್ಯವಾಗಿ 10ರಿಂದ 50ರವರೆಗೆ ಅಮೈನೋ ಆಮ್ಲಗಳಿರುತ್ತವೆ.

ಕಪ್ಪೆಯ ಚರ್ಮದಲ್ಲಿ ಮುಖ್ಯವಾಗಿ ಎರಡು ಬಗೆಯ ಗ್ರಂಥಿಗಳಿವೆ. ಲೋಳೆ ಗ್ರಂಥಿಗಳು ಚರ್ಮವನ್ನು ತೇವವಾಗಿಡುತ್ತವೆ. ಕಣಯುಕ್ತ ಗ್ರಂಥಿಗಳು ಪೆಪ್ಟೈಡ್‌ಗಳನ್ನು ಸಂಗ್ರಹಿಸಿಟ್ಟುಕೊಂಡಿರುತ್ತವೆ. ಪ್ರಾಣಿಗೆ ಗಾಯವಾದಾಗ ಅಥವಾ ಅದು ಬೆದರಿದಾಗ ಅಡ್ರಿನಲಿನ್ ವರ್ಗದ ಹಾರ್ಮೋನುಗಳ ಪ್ರಚೋದನೆಯಿಂದ ಈ ಗ್ರಂಥಿಗಳು ಸಂಕುಚಿತಗೊಂಡು ತಮ್ಮಲ್ಲಿರುವುದನ್ನು ಚರ್ಮದ ಮೇಲೆ ಸುರಿಸುತ್ತವೆ. ಸದಾ ತೇವವಾಗಿರುವ, ಉಸಿರಾಟಕ್ಕೂ ಬಳಕೆಯಾಗುವ ತೆಳುವಾದ ಚರ್ಮವನ್ನು ಹೊತ್ತು ಕೆಸರು ನೀರಿನಲ್ಲಿ ಬಾಳುವ ಪ್ರಾಣಿಗೆ ಇದೊಂದು ರಕ್ಷಣಾ ವ್ಯವಸ್ಥೆಯಾಗಿರುತ್ತದೆ.

ಎಲ್ಲ ಉಭಯವಾಸಿಗಳಲ್ಲಿಯೂ ಈ ವ್ಯವಸ್ಥೆ ಒಂದೇ ತೆರನಾಗಿರುವುದಿಲ್ಲ. ಉದಾಹರಣೆಗೆ, ಅನೇಕ ನೆಲಗಪ್ಪೆಗಳು ಹೃದಯದ ಮೇಲೆ ಪರಿಣಾಮ ಬೀರುವ ಸ್ಟೀರಾಯ್ಡ್ ವರ್ಗದ ವಿಷಗಳನ್ನು ಹೆಚ್ಚಾಗಿ ಅವಲಂಬಿಸಿರುತ್ತವೆ.

3. ಸಂಶೋಧನೆಯ ಹಿನ್ನೆಲೆ

ಯುರೋಪಿನ ಹಳದಿ ಹೊಟ್ಟೆಯ ನೆಲಗಪ್ಪೆಯ ಚರ್ಮದಿಂದ ಬೊಂಬಿನಿನ್ ಎಂಬ ಪೆಪ್ಟೈಡನ್ನು ಬೇರ್ಪಡಿಸಿದ ವರದಿ 1970ರಲ್ಲಿಯೇ ಪ್ರಕಟವಾಗಿದ್ದಿತು. ಆದರೆ ಈ ವಿಷಯಕ್ಕೆ ವ್ಯಾಪಕ ಪ್ರಚಾರ ದೊರೆತದ್ದು 1987ರಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಸಂಶೋಧಕರಾಗಿದ್ದ ಮೈಕೆಲ್ ಜಾಸ್ಲಾಫ್ ಅವರು ಅಂಡಕೋಶಗಳನ್ನು ಪಡೆಯುವ ಸಲುವಾಗಿ ಆಫ್ರಿಕಾದ ಉಗುರುಗಪ್ಪೆಗಳಿಗೆ ಶಸ್ತ್ರಕ್ರಿಯೆ ಮಾಡುತ್ತಿದ್ದರು. ಶಸ್ತ್ರಕ್ರಿಯೆಯ ನಂತರ ಸೂಕ್ಷ್ಮಾಣುಗಳಿಂದ ಕೂಡಿದ ತೊಟ್ಟಿಯ ನೀರಿಗೆ ಮರಳಿ ಬಿಟ್ಟರೂ ಕಪ್ಪೆಗಳ ಗಾಯಗಳು ಸೋಂಕಿಲ್ಲದೆ ಮಾಯುತ್ತಿದ್ದುದನ್ನು ಅವರು ಗಮನಿಸಿದರು. ಕಾರಣವನ್ನು ಹುಡುಕಿದಾಗ ಚರ್ಮದಲ್ಲಿ ಎರಡು ಪೆಪ್ಟೈಡ್‌ಗಳು ದೊರೆತವು. ಗುರಾಣಿ ಎಂಬ ಅರ್ಥವುಳ್ಳ ಹೀಬ್ರೂ ಪದದಿಂದ ಅವುಗಳಿಗೆ ಮಗೈನಿನ್ ಎಂದು ಹೆಸರಿಡಲಾಯಿತು.

ರಷ್ಯಾದಲ್ಲಿ ಹಾಲು ಕೆಡದಿರಲೆಂದು ಅದರೊಳಗೆ ಕಪ್ಪೆಯನ್ನು ಬಿಡುವ ಹಳೆಯ ರೂಢಿಯೊಂದಿತ್ತು. ಮಾಸ್ಕೋದ ವಿಜ್ಞಾನಿಗಳು ಆ ದೇಶದ ಸಾಮಾನ್ಯ ಕಂದು ಕಪ್ಪೆಯ ಚರ್ಮದ ಸ್ರಾವವನ್ನು ಪರೀಕ್ಷಿಸಿ, ಅದರಲ್ಲಿ ಹಲವಾರು ಪೆಪ್ಟೈಡ್‌ಗಳಿರುವುದನ್ನು 2012ರಲ್ಲಿ ವರದಿ ಮಾಡಿದ್ದಾರೆ.

4. ಕಾರ್ಯವಿಧಾನ

ಬಹುತೇಕ ಪ್ರತಿಜೀವಕ ಔಷಧಿಗಳು ಬ್ಯಾಕ್ಟೀರಿಯಾದ ಯಾವುದಾದರೊಂದು ನಿರ್ದಿಷ್ಟ ಪ್ರೋಟೀನು ಅಥವಾ ಕಿಣ್ವದ ಕಾರ್ಯವನ್ನು ತಡೆಯುತ್ತವೆ. ಕಪ್ಪೆಯ ಪೆಪ್ಟೈಡ್‌ಗಳಲ್ಲಿ ಹೆಚ್ಚಿನವು ಬ್ಯಾಕ್ಟೀರಿಯಾದ ಕೋಶಪೊರೆಯ ಮೇಲೆಯೇ ಎರಗುತ್ತವೆ. ಇದು ಈ ಕೆಳಕಂಡ ಹಂತಗಳಲ್ಲಿ ನಡೆಯುತ್ತದೆ.

(ಅ) ಆಕರ್ಷಣೆ: ಪೆಪ್ಟೈಡ್ ಸಾಮಾನ್ಯವಾಗಿ ಧನ ವಿದ್ಯುದಾವೇಶವನ್ನು ಹೊಂದಿರುತ್ತದೆ. ಬ್ಯಾಕ್ಟೀರಿಯಾದ ಹೊರಮೈ ಋಣಾವೇಶದ್ದಾಗಿರುವುದರಿಂದ ಪೆಪ್ಟೈಡ್ ಅದಕ್ಕೆ ಅಂಟಿಕೊಳ್ಳುತ್ತದೆ. ಮಾನವ ಜೀವಕೋಶದ ಪೊರೆಯ ಹೊರಪದರ ಬಹುಮಟ್ಟಿಗೆ ತಟಸ್ಥವಾಗಿದ್ದು, ಕೊಲೆಸ್ಟರಾಲನ್ನು ಸಹ ಒಳಗೊಂಡಿರುವುದರಿಂದ ಅದರತ್ತ ಸೆಳೆತ ಕಡಿಮೆ.

(ಆ) ಸುರುಳಿಯ ರಚನೆ: ನೀರಿನಲ್ಲಿ ನಿಶ್ಚಿತ ಆಕಾರವಿಲ್ಲದೆ ತೇಲುವ ಪೆಪ್ಟೈಡ್, ಪೊರೆಯನ್ನು ಮುಟ್ಟಿದೊಡನೆ ಸುರುಳಿಯಾಕಾರ ತಳೆಯುತ್ತದೆ. ಸುರುಳಿಯ ಒಂದು ಮಗ್ಗುಲು ನೀರಿಗೂ ಮತ್ತೊಂದು ಮಗ್ಗುಲು ಜಿಡ್ಡಿಗೂ ಒಗ್ಗುವಂತಹುದಾಗಿರುತ್ತದೆ.

(ಇ) ಪೊರೆಯ ಭೇದನ: ಜಿಡ್ಡಿಗೆ ಒಗ್ಗುವ ಮಗ್ಗುಲು ಪೊರೆಯೊಳಗೆ ಇಳಿಯುತ್ತದೆ. ಮಗೈನಿನ್ ಪೊರೆಯಲ್ಲಿ ರಂಧ್ರಗಳನ್ನು ಉಂಟುಮಾಡುತ್ತದೆ. ಡರ್ಮಸೆಪ್ಟಿನ್ ವರ್ಗದ ಪೆಪ್ಟೈಡ್‌ಗಳು ಪೊರೆಯ ಮೇಲೆ ಜಮಖಾನೆಯಂತೆ ಹರಡಿಕೊಂಡು, ಸಾಕಷ್ಟು ಸಂಖ್ಯೆಯಲ್ಲಿ ಸೇರಿದಾಗ ಅದನ್ನು ಒಡೆಯುತ್ತವೆ ಎಂದು ವಿವರಿಸಲಾಗಿದೆ.

ಮಗೈನಿನ್‌ನ ಕನ್ನಡಿ ಪ್ರತಿಬಿಂಬದಂತಹ ರೂಪವನ್ನು ಕೃತಕವಾಗಿ ತಯಾರಿಸಿ 1990ರಲ್ಲಿ ಪರೀಕ್ಷಿಸಿದಾಗ ಅದೂ ಸಹ ಬ್ಯಾಕ್ಟೀರಿಯಾವನ್ನು ಕೊಂದಿತು. ಬೀಗಕ್ಕೆ ಕೀಲಿಯಂತೆ ಒಂದು ನಿರ್ದಿಷ್ಟ ಪ್ರೋಟೀನಿಗೆ ಕೂಡಿಕೊಂಡು ಕೆಲಸ ಮಾಡುವ ವಸ್ತುವಾಗಿದ್ದಲ್ಲಿ ತಿರುಗುಮುರುಗಾದ ರೂಪ ನಿಷ್ಪ್ರಯೋಜಕವಾಗಬೇಕಿತ್ತು. ಆದ್ದರಿಂದ ಮಗೈನಿನ್‌ನ ಗುರಿ ಪೊರೆಯೇ ಎಂಬುದು ಈ ಪ್ರಯೋಗದಿಂದ ದೃಢಪಟ್ಟಿತು.

5. ಹೋಲಿಕೆಯ ಮಾನದಂಡಗಳು

ಈ ಪೆಪ್ಟೈಡ್‌ಗಳನ್ನು ಹೋಲಿಸುವಾಗ ಕೆಳಕಂಡ ಅಂಶಗಳನ್ನು ಒಟ್ಟಾಗಿ ಪರಿಗಣಿಸುವುದು ಅವಶ್ಯ.

(ಅ) ಕನಿಷ್ಠ ಪ್ರತಿಬಂಧಕ ಪ್ರಮಾಣ: ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯಲು ಬೇಕಾಗುವ ಅತಿ ಕಡಿಮೆ ಪ್ರಮಾಣ. ಈ ಸಂಖ್ಯೆ ಕಡಿಮೆಯಿದ್ದಷ್ಟೂ ಪೆಪ್ಟೈಡ್‌ನ ಶಕ್ತಿ ಹೆಚ್ಚು.

(ಆ) ರಕ್ತಕಣಗಳ ಮೇಲಿನ ಪರಿಣಾಮ: ಮಾನವನ ಕೆಂಪು ರಕ್ತಕಣಗಳನ್ನು ಒಡೆಯಲು ಬೇಕಾಗುವ ಪ್ರಮಾಣ. ಈ ಸಂಖ್ಯೆ ಹೆಚ್ಚಿದ್ದಷ್ಟೂ ಪೆಪ್ಟೈಡ್ ಸುರಕ್ಷಿತ.

(ಇ) ಇವೆರಡರ ಅನುಪಾತ: ಎರಡನೆಯ ಸಂಖ್ಯೆಯನ್ನು ಮೊದಲನೆಯದರಿಂದ ಭಾಗಿಸಿದಾಗ ದೊರೆಯುವ ಅಂಕಿಯೇ ಆಯ್ಕೆಗೆ ಮುಖ್ಯ ಆಧಾರ. ಕೇವಲ ವಿವರಣೆಗಾಗಿ ಹೇಳುವುದಾದರೆ, 2 ಮೈಕ್ರೋಗ್ರಾಂ ಪ್ರಮಾಣದಲ್ಲಿ ಬ್ಯಾಕ್ಟೀರಿಯಾವನ್ನು ತಡೆದು 10 ಮೈಕ್ರೋಗ್ರಾಂನಲ್ಲಿ ರಕ್ತಕಣವನ್ನು ಒಡೆಯುವ ಪೆಪ್ಟೈಡ್‌ನ ಅನುಪಾತ 5. ಅದೇ 10 ಮೈಕ್ರೋಗ್ರಾಂನಲ್ಲಿ ಬ್ಯಾಕ್ಟೀರಿಯಾವನ್ನು ತಡೆದು 500 ಮೈಕ್ರೋಗ್ರಾಂನಲ್ಲಿ ಮಾತ್ರ ರಕ್ತಕಣವನ್ನು ಒಡೆಯುವ ಪೆಪ್ಟೈಡ್‌ನ ಅನುಪಾತ 50. ಮೊದಲನೆಯದು ಐದು ಪಟ್ಟು ಶಕ್ತಿಶಾಲಿಯಾದರೂ ಚಿಕಿತ್ಸೆಗೆ ಹತ್ತಿರವಾಗಿರುವುದು ಎರಡನೆಯದೇ.

(ಈ) ಬಾಳಿಕೆ: ದೇಹದಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳು ಈ ಪೆಪ್ಟೈಡ್‌ಗಳನ್ನೂ ಕತ್ತರಿಸುತ್ತವೆ. ಲವಣಾಂಶ ಮತ್ತು ರಕ್ತದ್ರವದ ಸಂಪರ್ಕದಲ್ಲಿ ಅನೇಕ ಪೆಪ್ಟೈಡ್‌ಗಳ ಶಕ್ತಿ ಕುಗ್ಗುತ್ತದೆ.

(ಉ) ತಯಾರಿಕಾ ವೆಚ್ಚ: ಅಮೈನೋ ಆಮ್ಲಗಳನ್ನು ಒಂದೊಂದಾಗಿ ಜೋಡಿಸಿ ಕೃತಕವಾಗಿ ತಯಾರಿಸಬೇಕಾಗಿರುವುದರಿಂದ, ಸರ ಉದ್ದವಾದಷ್ಟೂ ವೆಚ್ಚ ಏರುತ್ತದೆ.

6. ಪ್ರಮುಖ ಪೆಪ್ಟೈಡ್‌ಗಳ ಹೋಲಿಕೆ

ಕೆಲವು ಪೆಪ್ಟೈಡ್‌ಗಳ ವಿವರಗಳನ್ನು ಕೋಷ್ಟಕದಲ್ಲಿ ನೀಡಲಾಗಿದೆ.

| ಪೆಪ್ಟೈಡ್ | ಮೂಲ | ಅಮೈನೋ ಆಮ್ಲಗಳ ಸಂಖ್ಯೆ | ರಚನೆ |
|---|---|---|---|
| ಬೊಂಬಿನಿನ್ | ಯುರೋಪಿನ ಹಳದಿ ಹೊಟ್ಟೆಯ ನೆಲಗಪ್ಪೆ | 24 | ಸುರುಳಿ |
| ಮಗೈನಿನ್-2 | ಆಫ್ರಿಕಾದ ಉಗುರುಗಪ್ಪೆ | 23 | ಸುರುಳಿ |
| ಡರ್ಮಸೆಪ್ಟಿನ್ ಎಸ್-1 | ದಕ್ಷಿಣ ಅಮೆರಿಕದ ಎಲೆಗಪ್ಪೆ | 34 | ಸುರುಳಿ |
| ಬ್ರೆವಿನಿನ್-1 | ಜಪಾನಿನ ಕೊಳದ ಕಪ್ಪೆ | 24 | ಸುರುಳಿ, ತುದಿಯಲ್ಲಿ ಉಂಗುರ |
| ಎಸ್ಕುಲೆಂಟಿನ್-1 | ಯುರೋಪಿನ ಹಸಿರು ಕಪ್ಪೆ | 46 | ಸುರುಳಿ, ತುದಿಯಲ್ಲಿ ಉಂಗುರ |
| ಟೆಂಪೊರಿನ್-ಎ | ಯುರೋಪಿನ ಸಾಮಾನ್ಯ ಕಂದು ಕಪ್ಪೆ | 13 | ಚಿಕ್ಕ ಸುರುಳಿ |
| ಟೈಗರಿನಿನ್-1 | ಭಾರತದ ದೊಡ್ಡ ಗದ್ದೆಗಪ್ಪೆ | 11 | ಉಂಗುರ |

ಮಗೈನಿನ್: ಮಗೈನಿನ್-1 ಮತ್ತು ಮಗೈನಿನ್-2 ಎರಡರಲ್ಲಿಯೂ 23 ಅಮೈನೋ ಆಮ್ಲಗಳಿದ್ದು, ಎರಡು ಸ್ಥಾನಗಳಲ್ಲಿ ಮಾತ್ರ ವ್ಯತ್ಯಾಸವಿರುತ್ತದೆ. ಇವುಗಳ ಶಕ್ತಿ ಸಾಧಾರಣವಾದುದು. ಆದರೆ ಕೆಂಪು ರಕ್ತಕಣಗಳಿಗೆ ಉಂಟಾಗುವ ಹಾನಿ ಬಹಳ ಕಡಿಮೆ. ಅದೇ ಕಪ್ಪೆಯ ಚರ್ಮದಲ್ಲಿರುವ ಪಿಜಿಎಲ್‌ಎ ಎಂಬ ಪೆಪ್ಟೈಡ್‌ನೊಂದಿಗೆ ಸೇರಿದಾಗ ಮಗೈನಿನ್-2ರ ಪರಿಣಾಮ ಎರಡರ ಮೊತ್ತಕ್ಕಿಂತಲೂ ಹೆಚ್ಚಾಗುತ್ತದೆ. ಕಪ್ಪೆಯು ಒಂದೇ ಪೆಪ್ಟೈಡನ್ನು ನೆಚ್ಚದೆ ಹಲವು ಪೆಪ್ಟೈಡ್‌ಗಳ ಮಿಶ್ರಣವನ್ನು ಸ್ರವಿಸುವುದರ ಪ್ರಯೋಜನ ಇದರಿಂದ ತಿಳಿಯುತ್ತದೆ.

ಡರ್ಮಸೆಪ್ಟಿನ್: 1991ರಲ್ಲಿ ವರದಿಯಾದ ಈ ಪೆಪ್ಟೈಡ್ ಬ್ಯಾಕ್ಟೀರಿಯಾಗಳಲ್ಲದೆ ಎಳೆರೂಪದ ಶಿಲೀಂಧ್ರಗಳನ್ನೂ ಕೊಲ್ಲುತ್ತದೆ. ಇದೇ ಕುಟುಂಬದ ಎಸ್-4 ಎಂಬ ಪೆಪ್ಟೈಡ್ ಮಲೇರಿಯಾ ಪರಾವಲಂಬಿಯ ವಿರುದ್ಧವೂ ಪರಿಣಾಮಕಾರಿಯಾಗಿ ಕಂಡುಬಂದಿತು. ಆದರೆ ಎಸ್-4 ಕೆಂಪು ರಕ್ತಕಣಗಳನ್ನು ತೀವ್ರವಾಗಿ ಒಡೆಯುತ್ತದೆ. ಒಂದೇ ಪ್ರಾಣಿಯ, ಒಂದೇ ಕುಟುಂಬದ ಪೆಪ್ಟೈಡ್‌ಗಳಲ್ಲಿಯೂ ಸುರಕ್ಷತೆಯ ಅಂತರ ಎಷ್ಟಿರಬಹುದೆಂಬುದಕ್ಕೆ ಇದು ಉದಾಹರಣೆ.

ಬ್ರೆವಿನಿನ್ ಮತ್ತು ಎಸ್ಕುಲೆಂಟಿನ್: ಇವುಗಳ ಕೊನೆಯ ಭಾಗದಲ್ಲಿ ಏಳು ಅಮೈನೋ ಆಮ್ಲಗಳು ಡೈಸಲ್ಫೈಡ್ ಸೇತುವೆಯಿಂದ ಬಂಧಿತವಾಗಿ ಉಂಗುರವಾಗಿರುತ್ತವೆ. ಬ್ರೆವಿನಿನ್-1 ವರ್ಗದ ಪೆಪ್ಟೈಡ್‌ಗಳು ಪ್ರಬಲವಾಗಿದ್ದರೂ ರಕ್ತಕಣಗಳಿಗೆ ಹಾನಿಕಾರಕ. ಎಸ್ಕುಲೆಂಟಿನ್-1ರಲ್ಲಿ ಉದ್ದವೇ ಅಡಚಣೆ. ಆದ್ದರಿಂದ ಅದರ ಆರಂಭದ ಸುಮಾರು 20 ಅಮೈನೋ ಆಮ್ಲಗಳ ಭಾಗವನ್ನು ಮಾತ್ರ ತಯಾರಿಸಿ, ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾದ ಸೋಂಕಿನ ವಿರುದ್ಧ ಪ್ರಯೋಗಗಳನ್ನು ನಡೆಸಲಾಗಿದೆ.

ಟೆಂಪೊರಿನ್: 1996ರಲ್ಲಿ ವರದಿಯಾದ ಈ ಪೆಪ್ಟೈಡ್‌ಗಳು ಚಿಕ್ಕವಾಗಿರುವುದರಿಂದ ತಯಾರಿಕೆ ಸುಲಭ. ಆದರೆ ಟೆಂಪೊರಿನ್-ಎ ಮುಖ್ಯವಾಗಿ ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾಗಳ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳಿಗೆ ಇರುವ ಹೆಚ್ಚುವರಿ ಹೊರಪೊರೆ ಅದಕ್ಕೆ ಅಡ್ಡಿಯಾಗುತ್ತದೆ. ಟೆಂಪೊರಿನ್-ಎಲ್ ಎಂಬುದು ಎರಡೂ ಬಗೆಯವುಗಳನ್ನು ಕೊಲ್ಲುತ್ತದೆಯಾದರೂ ಅದರಿಂದ ರಕ್ತಕಣಗಳಿಗೂ ಹಾನಿಯುಂಟು.

7. ಭಾರತದ ಕಪ್ಪೆಗಳಿಂದ ದೊರೆತ ಪೆಪ್ಟೈಡ್‌ಗಳು

ಟೈಗರಿನಿನ್: ಮಳೆಗಾಲದ ಆರಂಭದಲ್ಲಿ ಗದ್ದೆ ಮತ್ತು ಹೊಂಡಗಳಲ್ಲಿ ಹಳದಿ ಬಣ್ಣ ತಳೆದು, ನೀಲಿ ಧ್ವನಿಚೀಲಗಳನ್ನು ಉಬ್ಬಿಸಿ ಕೂಗುವ ದೊಡ್ಡ ಗಂಡು ಕಪ್ಪೆಯನ್ನು ಕರ್ನಾಟಕದ ಗ್ರಾಮಾಂತರ ಪ್ರದೇಶದ ಜನರು ಕಂಡೇ ಇರುತ್ತಾರೆ. ಇದೇ ಜಾತಿಯ ಕಪ್ಪೆಯ ಚರ್ಮದ ಸ್ರಾವದಿಂದ ಹೈದರಾಬಾದಿನ ಕೋಶೀಯ ಮತ್ತು ಅಣು ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಮತ್ತು ಅವರ ಸಹಯೋಗಿಗಳು 2001ರಲ್ಲಿ ನಾಲ್ಕು ಪೆಪ್ಟೈಡ್‌ಗಳನ್ನು ವರದಿ ಮಾಡಿದರು. ಇವುಗಳಲ್ಲಿ 11 ಅಥವಾ 12 ಅಮೈನೋ ಆಮ್ಲಗಳು ಮಾತ್ರ ಇದ್ದು, ಒಂಬತ್ತು ಅಮೈನೋ ಆಮ್ಲಗಳು ಉಂಗುರವಾಗಿರುತ್ತವೆ. ಮೇಲೆ ತಿಳಿಸಿದ ಇತರ ಪೆಪ್ಟೈಡ್‌ಗಳಂತೆ ಇವು ಸುರುಳಿಯಾಗುವುದಿಲ್ಲ. ಆದಾಗ್ಯೂ ಎರಡೂ ಬಗೆಯ ಬ್ಯಾಕ್ಟೀರಿಯಾಗಳ ಮೇಲೆ ಹಾಗೂ ಯೀಸ್ಟ್ ಮೇಲೆ ಪರಿಣಾಮ ಬೀರುತ್ತವೆ.

ಉರುಮಿನ್: ಹೈಡ್ರೋಫೈಲ್ಯಾಕ್ಸ್ ಬಹುವಿಸ್ತಾರ ಎಂಬ ಕಪ್ಪೆಯನ್ನು ಪ್ರತ್ಯೇಕ ಪ್ರಭೇದವೆಂದು 2015ರಲ್ಲಿ ಹೆಸರಿಸಲಾಯಿತು. ಕರ್ನಾಟಕವೂ ಸೇರಿದಂತೆ ಪಶ್ಚಿಮ ಘಟ್ಟ ಪ್ರದೇಶದಲ್ಲಿ ಇದು ವಾಸಿಸುತ್ತದೆ. ಕೇರಳದಲ್ಲಿ ಸಂಗ್ರಹಿಸಿದ ಈ ಕಪ್ಪೆಯ ಸ್ರಾವದಲ್ಲಿನ ಪೆಪ್ಟೈಡ್‌ಗಳನ್ನು ಅಮೆರಿಕದ ಎಮೊರಿ ವಿಶ್ವವಿದ್ಯಾಲಯ ಮತ್ತು ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರದ ವಿಜ್ಞಾನಿಗಳು ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರೀಕ್ಷಿಸಿದ 32 ಪೆಪ್ಟೈಡ್‌ಗಳ ಪೈಕಿ 4 ಮಾತ್ರ ಇನ್‌ಫ್ಲುಯೆಂಜಾ ವೈರಸ್ಸನ್ನು ತಡೆದವು. ಆ ನಾಲ್ಕರಲ್ಲಿ ಮಾನವ ರಕ್ತಕಣಗಳಿಗೆ ವಿಷಕಾರಿಯಲ್ಲದ್ದು ಒಂದೇ ಒಂದು. 27 ಅಮೈನೋ ಆಮ್ಲಗಳ ಆ ಪೆಪ್ಟೈಡ್‌ಗೆ ಕೇರಳದ ಬಳುಕುವ ಖಡ್ಗವಾದ ಉರುಮಿಯ ಹೆಸರನ್ನೇ ಇಡಲಾಗಿದೆ. ಇದು ಎಚ್-1 ವರ್ಗದ ಇನ್‌ಫ್ಲುಯೆಂಜಾ ವೈರಸ್‌ನ ಮೇಲ್ಮೈ ಪ್ರೋಟೀನಿನ ಕಾಂಡಭಾಗಕ್ಕೆ ಅಂಟಿಕೊಂಡು ವೈರಸ್ಸನ್ನು ನಾಶಪಡಿಸುತ್ತದೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ರಕ್ಷಣೆ ಕಂಡುಬಂದಿದೆ. ಇದನ್ನು ಎಲ್ಲ ಬಗೆಯ ಜ್ವರಕ್ಕೆ ಔಷಧಿಯೆಂದು ಭಾವಿಸತಕ್ಕದ್ದಲ್ಲ.

8. ಪೆಕ್ಸಿಗನಾನ್: ಪ್ರಯೋಗಾಲಯದಿಂದ ರೋಗಿಯವರೆಗೆ

ಕಪ್ಪೆಯ ಪೆಪ್ಟೈಡ್‌ಗಳಲ್ಲಿ ಔಷಧಿಯಾಗುವ ಹಂತಕ್ಕೆ ಅತಿ ಸಮೀಪ ತಲುಪಿದ್ದು ಮಗೈನಿನ್‌ನ ಮಾರ್ಪಡಿಸಿದ ರೂಪವಾದ ಪೆಕ್ಸಿಗನಾನ್. ಮಗೈನಿನ್-2ರಲ್ಲಿ 4 ಇರುವ ಲೈಸಿನ್ ಎಂಬ ಧನಾವೇಶದ ಅಮೈನೋ ಆಮ್ಲವನ್ನು 9ಕ್ಕೆ ಹೆಚ್ಚಿಸಿ, 22 ಅಮೈನೋ ಆಮ್ಲಗಳ ಈ ಪೆಪ್ಟೈಡನ್ನು ರೂಪಿಸಲಾಯಿತು. ಧನಾವೇಶ ಹೆಚ್ಚಿದಂತೆ ಅದರ ಶಕ್ತಿಯೂ ಹೆಚ್ಚಿತು.

ಮಧುಮೇಹಿಗಳ ಪಾದದ ಹುಣ್ಣಿನ ಲಘು ಸೋಂಕಿಗೆ ಹಚ್ಚುವ ಮುಲಾಮಿನ ರೂಪದಲ್ಲಿ ಇದನ್ನು ಅಮೆರಿಕದಲ್ಲಿ ಪರೀಕ್ಷಿಸಲಾಯಿತು. 835 ರೋಗಿಗಳನ್ನೊಳಗೊಂಡ ಪ್ರಯೋಗಗಳಲ್ಲಿ ಒಂದು ಗುಂಪಿಗೆ ಈ ಮುಲಾಮನ್ನು, ಮತ್ತೊಂದು ಗುಂಪಿಗೆ ಒಫ್ಲಾಕ್ಸಸಿನ್ ಮಾತ್ರೆಯನ್ನು ನೀಡಲಾಯಿತು. ಎರಡೂ ಗುಂಪುಗಳಲ್ಲಿ ಶೇ. 85ರಿಂದ 90ರಷ್ಟು ರೋಗಿಗಳಲ್ಲಿ ಸುಧಾರಣೆ ಕಂಡುಬಂದಿತು. ಒಫ್ಲಾಕ್ಸಸಿನ್ ಪಡೆದ ಕೆಲವರಲ್ಲಿ ಆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳು ತಲೆದೋರಿದವು. ಪೆಕ್ಸಿಗನಾನ್ ಗುಂಪಿನಲ್ಲಿ ಗಣನೀಯ ಪ್ರತಿರೋಧ ಕಂಡುಬರಲಿಲ್ಲ. ಆದರೂ ಬಳಕೆಯಲ್ಲಿರುವ ಚಿಕಿತ್ಸೆಗಿಂತ ಹೆಚ್ಚಿನ ಪ್ರಯೋಜನ ಸಿದ್ಧವಾಗಿಲ್ಲವೆಂಬ ಕಾರಣದಿಂದ 1999ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅನುಮೋದನೆ ನೀಡಲಿಲ್ಲ.

ನಂತರ ಬೇರೊಂದು ಕಂಪನಿಯು ಔಷಧಾಂಶವಿಲ್ಲದ ಮುಲಾಮಿನೊಂದಿಗೆ ಹೋಲಿಸಿ ಹೊಸದಾಗಿ ಪ್ರಯೋಗಗಳನ್ನು ಕೈಗೊಂಡಿತು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ ಈ ಪ್ರಯೋಗಗಳು ಉದ್ದೇಶಿತ ಗುರಿಯನ್ನು ತಲುಪಲಿಲ್ಲ. ಭಾರತದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿರುವುದಾಗಿ 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು ಅಂದಾಜಿಸಿದೆ. ಪಾದದ ಹುಣ್ಣು ಅವರನ್ನು ಕಾಡುವ ಗಂಭೀರ ತೊಡಕುಗಳಲ್ಲಿ ಒಂದಾಗಿರುವುದರಿಂದ ಈ ವೈಫಲ್ಯವು ನಮ್ಮ ದೇಶದ ದೃಷ್ಟಿಯಿಂದಲೂ ಗಮನಾರ್ಹವಾಗಿರುತ್ತದೆ.

9. ಪ್ರತಿರೋಧ ಶಕ್ತಿ ಬೆಳೆಯುವ ಸಾಧ್ಯತೆ

ಕೋಶಪೊರೆಯ ಮೂಲ ರಚನೆಯನ್ನೇ ಬದಲಿಸಿಕೊಳ್ಳುವುದು ಬ್ಯಾಕ್ಟೀರಿಯಾಗಳಿಗೆ ಕಷ್ಟಸಾಧ್ಯ, ಆದ್ದರಿಂದ ಈ ಪೆಪ್ಟೈಡ್‌ಗಳಿಗೆ ಪ್ರತಿರೋಧ ಬೆಳೆಯಲಾರದು ಎಂಬ ಅಭಿಪ್ರಾಯ ಮೊದಲು ಪ್ರಚಲಿತವಾಗಿತ್ತು. 2006ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನು ಪರಿಶೀಲಿಸಿತು. ಮಗೈನಿನನ್ನು ಪತ್ತೆ ಮಾಡಿದ ಜಾಸ್ಲಾಫ್ ಅವರೂ ಈ ಅಧ್ಯಯನದ ಲೇಖಕರಲ್ಲಿ ಒಬ್ಬರು. ಬ್ಯಾಕ್ಟೀರಿಯಾದ 24 ಸಂತತಿಗಳನ್ನು ಪೆಕ್ಸಿಗನಾನ್‌ನ ಪ್ರಮಾಣವನ್ನು ಕ್ರಮೇಣ ಏರಿಸುತ್ತಾ 600ರಿಂದ 700 ತಲೆಮಾರುಗಳವರೆಗೆ ಬೆಳೆಸಿದಾಗ 22 ಸಂತತಿಗಳು ಪ್ರತಿರೋಧ ಶಕ್ತಿಯನ್ನು ಗಳಿಸಿದವು. ಯಾವುದೇ ಸೂಕ್ಷ್ಮಾಣುನಾಶಕವನ್ನು ಮಿತಿಯಿಲ್ಲದೆ ಬಳಸಿದಲ್ಲಿ ಅದೂ ನಿಷ್ಪ್ರಯೋಜಕವಾಗಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

10. ಹೋಲಿಕೆಯಿಂದ ತಿಳಿದುಬರುವ ಅಂಶಗಳು

(ಅ) ಅತಿ ಪ್ರಬಲವಾದ ಪೆಪ್ಟೈಡ್‌ಗಳು ಅನೇಕ ವೇಳೆ ರಕ್ತಕಣಗಳಿಗೂ ಅಪಾಯಕಾರಿ. ಧನಾವೇಶವನ್ನು ಹೆಚ್ಚಿಸುವುದರಿಂದ ಬ್ಯಾಕ್ಟೀರಿಯಾದ ಮೇಲಿನ ಹಿಡಿತ ಬಿಗಿಯಾಗುತ್ತದೆ. ಜಿಡ್ಡಿಗೆ ಒಗ್ಗುವ ಭಾಗವನ್ನು ಅತಿಯಾಗಿ ಹೆಚ್ಚಿಸಿದಲ್ಲಿ ಮಾನವ ಜೀವಕೋಶಕ್ಕೂ ಹಾನಿಯಾಗುತ್ತದೆ.

(ಆ) ಚಿಕ್ಕ ಪೆಪ್ಟೈಡ್‌ಗಳ ತಯಾರಿಕಾ ವೆಚ್ಚ ಕಡಿಮೆ. ಆದರೆ ಅವುಗಳಲ್ಲಿ ಕೆಲವು ಸೀಮಿತ ಬಗೆಯ ಬ್ಯಾಕ್ಟೀರಿಯಾಗಳ ಮೇಲೆ ಮಾತ್ರ ಪರಿಣಾಮಕಾರಿ.

(ಇ) ರಕ್ತಕ್ಕೆ ನೀಡುವ ಚುಚ್ಚುಮದ್ದಿಗಿಂತ ಗಾಯ, ಚರ್ಮ ಮತ್ತು ಕಣ್ಣಿಗೆ ಹಚ್ಚುವ ಔಷಧಿಗಳಾಗಿ ಇವುಗಳ ಬಳಕೆ ಹೆಚ್ಚು ಕಾರ್ಯಸಾಧ್ಯವೆಂದು ಪರಿಗಣಿಸಲಾಗಿದೆ.

(ಈ) ಪ್ರಕೃತಿಯಲ್ಲಿ ದೊರೆತ ಪೆಪ್ಟೈಡನ್ನು ಇದ್ದಂತೆಯೇ ಬಳಸುವುದಕ್ಕಿಂತ, ಅದನ್ನು ಮಾದರಿಯಾಗಿಟ್ಟುಕೊಂಡು ಮಾರ್ಪಡಿಸುವುದೇ ಈಗಿನ ಸಂಶೋಧನೆಯ ಮುಖ್ಯ ಮಾರ್ಗ.

11. ಮೂಲ ಸಂಪತ್ತಿನ ಸಂರಕ್ಷಣೆ

2023ರಲ್ಲಿ ಪ್ರಕಟವಾದ ಜಾಗತಿಕ ಮೌಲ್ಯಮಾಪನದ ಪ್ರಕಾರ ಉಭಯವಾಸಿ ಪ್ರಭೇದಗಳಲ್ಲಿ ಶೇ. 40.7ರಷ್ಟು ವಿನಾಶದ ಭೀತಿಯನ್ನು ಎದುರಿಸುತ್ತಿವೆ. 1999ರಲ್ಲಿ ವೈಜ್ಞಾನಿಕವಾಗಿ ಹೆಸರಿಸಲಾದ ಕೈಟ್ರಿಡ್ ಎಂಬ ಶಿಲೀಂಧ್ರವು ಕಪ್ಪೆಗಳ ಚರ್ಮಕ್ಕೆ ತಗುಲಿ, ಕನಿಷ್ಠ 501 ಪ್ರಭೇದಗಳ ಇಳಿಮುಖಕ್ಕೆ ಕಾರಣವಾಗಿದೆ ಎಂದೂ, ಅವುಗಳಲ್ಲಿ 90 ಪ್ರಭೇದಗಳು ನಾಶವಾಗಿರಬಹುದೆಂದೂ 2019ರ ಅಧ್ಯಯನವೊಂದು ತಿಳಿಸಿದೆ. ಉಗುರುಗಪ್ಪೆಯ ಮಗೈನಿನ್ ಮುಂತಾದ ಪೆಪ್ಟೈಡ್‌ಗಳು ಪ್ರಯೋಗಾಲಯದಲ್ಲಿ ಈ ಶಿಲೀಂಧ್ರವನ್ನು ತಡೆಯುತ್ತವೆ. ಮನುಷ್ಯರು ಔಷಧಿಯ ಮಾದರಿಯೆಂದು ನೋಡುತ್ತಿರುವ ಈ ಪೆಪ್ಟೈಡ್‌ಗಳು ಕಪ್ಪೆಗಳಿಗೆ ಸ್ವತಃ ಜೀವರಕ್ಷಕಗಳಾಗಿವೆ.

ಒಂದೊಂದು ಪ್ರಭೇದವೂ ತನ್ನದೇ ಆದ ಪೆಪ್ಟೈಡ್‌ಗಳನ್ನು ಹೊಂದಿರುವುದರಿಂದ, ಪ್ರಭೇದವೊಂದು ನಾಶವಾದಲ್ಲಿ ಪರೀಕ್ಷೆಗೆ ಒಳಗಾಗದ ಪೆಪ್ಟೈಡ್‌ಗಳೂ ಅದರೊಂದಿಗೇ ಇಲ್ಲವಾಗುತ್ತವೆ. ಟೈಗರಿನಿನ್ ದೊರೆತ ದೊಡ್ಡ ಗದ್ದೆಗಪ್ಪೆಯು ಒಂದು ಕಾಲದಲ್ಲಿ ಕಾಲಿನ ಮಾಂಸಕ್ಕಾಗಿ ಹೇರಳವಾಗಿ ಹಿಡಿಯಲ್ಪಡುತ್ತಿತ್ತು. ಕಪ್ಪೆಗಾಲುಗಳ ರಫ್ತನ್ನು ಭಾರತ ಸರ್ಕಾರವು 1987ರಲ್ಲಿ ನಿಷೇಧಿಸಿತು. ಅದೇ ಜಾತಿಯ ಕಪ್ಪೆಯಿಂದ ಹೊಸ ಪೆಪ್ಟೈಡ್‌ಗಳು ವರದಿಯಾದದ್ದು ಅದಾದ ಹದಿನಾಲ್ಕು ವರ್ಷಗಳ ನಂತರ ಎಂಬುದನ್ನು ಇಲ್ಲಿ ಸ್ಮರಿಸಬಹುದು.

12. ಸಾರ್ವಜನಿಕರ ಗಮನಕ್ಕೆ

(ಅ) ಕಪ್ಪೆಯ ಚರ್ಮವನ್ನಾಗಲಿ ಅದರ ಸ್ರಾವವನ್ನಾಗಲಿ ಗಾಯಕ್ಕೆ ಹಚ್ಚುವುದು ಅಥವಾ ಸೇವಿಸುವುದು ಅಪಾಯಕಾರಿ. ಸ್ರಾವದಲ್ಲಿ ಸೂಕ್ಷ್ಮಾಣುನಾಶಕ ಪೆಪ್ಟೈಡ್‌ಗಳೊಂದಿಗೆ ವಿಷಕಾರಿ ವಸ್ತುಗಳೂ ಇರಬಹುದು. ಪ್ರಯೋಗಾಲಯಗಳಲ್ಲಿ ಬಳಸುವುದು ಶುದ್ಧೀಕರಿಸಿದ ಅಥವಾ ಕೃತಕವಾಗಿ ತಯಾರಿಸಿದ ಪೆಪ್ಟೈಡ್‌ಗಳನ್ನು.

(ಆ) ಕಪ್ಪೆಯಿಂದ ತಯಾರಿಸಿದ ಪ್ರತಿಜೀವಕ ಔಷಧಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಯಾವುದೇ ವಸ್ತುವನ್ನು ನಂಬತಕ್ಕದ್ದಲ್ಲ.

(ಇ) ಮಧುಮೇಹ ಇರುವವರು ಪ್ರತಿದಿನ ಪಾದಗಳನ್ನು ಪರೀಕ್ಷಿಸಿಕೊಳ್ಳುವುದು, ಸಣ್ಣ ಗಾಯವಾದರೂ ಕೂಡಲೇ ವೈದ್ಯರಿಗೆ ತೋರಿಸುವುದು ಅವಶ್ಯ.

(ಈ) ಪ್ರತಿಜೀವಕ ಔಷಧಿಗಳನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ಅವರು ಸೂಚಿಸಿದ ಪ್ರಮಾಣ ಮತ್ತು ಅವಧಿಯನ್ನು ತಾವಾಗಿಯೇ ಬದಲಿಸಬಾರದು. ಹೊಸ ಔಷಧಿ ಬರಲು ದಶಕಗಳೇ ಬೇಕಾಗುವುದರಿಂದ ಈಗಿರುವ ಔಷಧಿಗಳ ಶಕ್ತಿಯನ್ನು ಉಳಿಸಿಕೊಳ್ಳುವುದು ಎಲ್ಲರ ಹೊಣೆಯಾಗಿರುತ್ತದೆ.

(ಉ) ಕೆರೆ, ಹೊಂಡ, ಗದ್ದೆಯ ಬದು ಮತ್ತು ತೊರೆಗಳಲ್ಲಿ ವಾಸಿಸುವ ಕಪ್ಪೆಗಳನ್ನು ಹಿಡಿಯಬಾರದು, ಕೊಲ್ಲಬಾರದು. ಬೆಳೆಗೆ ಹಾನಿ ಮಾಡುವ ಕೀಟಗಳನ್ನು ತಿಂದು ಅವು ರೈತರಿಗೆ ಸಹ ನೆರವಾಗುತ್ತವೆ.